ಹುಳದ ಮನೆಯಿಂದ ಬಂದವಳು

ಸುದ್ದಿ ಬಂದಾಗ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಫೋನ್ ಮಾಡಿದ್ದು ಆಕೆಯ ತಮ್ಮ. "ಅಕ್ಕ ಹೋಗ್ಬುಟ್ಲು ಮೇಡಂ, ಬೆಳಿಗ್ಗೆ," ಅಂದ. ನಾನು "ಹೌದಾ" ಅಂದೆ. ಯಾರಾದರೂ ತೀರಿಕೊಂಡಾಗ ಏನು ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು ಅಂತ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಪ್ರಾಪರ್ ಆಗಿ ಕಲಿಸಿದ್ದರು. ಅದ್ಯಾವುದೂ ಬಾಯಿಗೆ ಬರಲಿಲ್ಲ. ಫೋನ್ ಪಕ್ಕಕ್ಕಿಟ್ಟು ಮಿಕ್ಕ ಕಾಯಿ ಸುಲಿದೆ. ಸಾರು ಮಾಡಿದೆ, ಊಟ ಮಾಡಿದೆ. ಉಪ್ಪು ಸರಿಯಾಗಿತ್ತು ಅನ್ನುವುದೂ ನೆನಪಿದೆ.

ಸಂಜೆ ಕಾಲೇಜಿನ ರಿಟೈರ್ಡ್ ಸ್ಟಾಫ್ ಗ್ರೂಪಿನಲ್ಲಿ ಆಕೆಯ ಫೋಟೊ ಬಂತು. ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು, ನಿಲ್ಲಿಸಿ ತೆಗೆದದ್ದು. ಯಾರೋ ಅದರ ಸುತ್ತ ಗುಲಾಬಿ ಹೂವಿನ ಚೌಕಟ್ಟು ಹಾಕಿದ್ದರು. ಕೆಳಗೆ ಸಾಲಾಗಿ ಓಂ ಶಾಂತಿ, ಓಂ ಶಾಂತಿ. ನಾನೂ ಕೈ ಮುಗಿದ ಗುರುತೊಂದನ್ನು ಒತ್ತಿದೆ. ಅಳು ಬರಲಿಲ್ಲ. ಇಂದಿಗೂ ಬಂದಿಲ್ಲ. ಹಲ್ಲು ಕೀಳುವ ಮುಂಚೆ ಡೆಂಟಿಸ್ಟ್ ಇಂಜೆಕ್ಷನ್ ಕೊಟ್ಟಾಗ ಕೆನ್ನೆ ಯಾರದೋ ಅನ್ನಿಸುತ್ತದಲ್ಲ, ಹಾಗಿದೆ. ಮುಟ್ಟಿಕೊಂಡರೆ ಇದೆ, ಆದರೆ ಮುಟ್ಟಿದ್ದು ಗೊತ್ತಾಗುವುದಿಲ್ಲ.

ಕಾಲೇಜಿನವರು ಮ್ಯಾಗಜೀನಿಗೆ ಆಕೆಯ ಬಗ್ಗೆ ಬರೆದುಕೊಡಿ, ಬಯೋಡೇಟಾ ನಾವೇ ಕಳಿಸುತ್ತೇವೆ ಅಂದರು. ಬಯೋಡೇಟಾ ಬೇಡ ಅಂದೆ. ಹೆಸರನ್ನೂ ಬರೆಯುವುದಿಲ್ಲ. ಸ್ಟೇಜ್ ಮೇಲೆ ಕರೆದು ಹೆಸರು ಹೇಳಿದರೇ ಆಕೆ ಮುಖ ಸಿಂಡರಿಸುತ್ತಿದ್ದಳು. ರಾಮನಗರದಲ್ಲಿ ನಮ್ಮ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆಲ್ಲ ಆಕೆ ಲೈಬ್ರರಿ ಮೇಡಂ. ಅಷ್ಟು ಸಾಕು.

ನಾನು ಆ ಕಾಲೇಜಿಗೆ ಇಂಗ್ಲಿಷ್ ಲೆಕ್ಚರರ್ ಆಗಿ ಬಂದ ಮೊದಲ ದಿನವೇ ಆಕೆಯಿಂದ ಬೈಸಿಕೊಂಡೆ. ಬೆಂಗಳೂರಿನ ಹುಡುಗಿ ನಾನು, ಹೀಲ್ಸ್ ಚಪ್ಪಲಿ ಟಕ್‌ಟಕ್ ಅನ್ನಿಸಿಕೊಂಡು ಲೈಬ್ರರಿ ಬಾಗಿಲಿಗೆ ಹೋದೆ. ಬಾಗಿಲಾಚೆ ಗುಡಿಯ ಮುಂದಿರುವ ಹಾಗೆ ಚಪ್ಪಲಿಗಳ ರಾಶಿ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಮಗ್ಗು, ಸೋಪಿನ ತುಂಡು. ಒಳಗಿನಿಂದ ಎತ್ತರಕ್ಕೆ, ಸಣ್ಣಗಿದ್ದ, ಸೀರೆಯನ್ನು ಹಿಮ್ಮಡಿ ಕಾಣುವಷ್ಟು ಮೇಲಕ್ಕುಟ್ಟ ಹೆಂಗಸೊಬ್ಬಳು ಬಂದಳು. ಕಾಲ ಸಪ್ಪಳವೇ ಇಲ್ಲ. ಬೆರಳ ತುದಿಯ ಮೇಲೆ ನಡೆಯುತ್ತಾಳೇನೋ ಅನ್ನಿಸುವಂತೆ.

"ಚಪ್ಲಿ ಆಚೆ ಬುಡಿ ಮೇಡಂ. ಕೈ ತೊಳ್ಕಳಿ."

ನನ್ನ ಹತ್ತಿರ ಬಂದವಳು ಒಂದು ಹೆಜ್ಜೆ ಹಿಂದಕ್ಕೆ ಹೋದಳು. "ಸೆಂಟ್ ಹಾಕಿದ್ದೀರಾ?"

"ಯೆಸ್. ಯಾಕೆ?"

"ನಾಳೆಯಿಂದ ಬ್ಯಾಡ. ಇವತ್ತು ಒಸಿ ಕಿಟಕಿ ಪಕ್ಕ ಕೂತ್ಕಳಿ."

ನಾನು ನೇರ ಪ್ರಿನ್ಸಿಪಾಲರ ಚೇಂಬರಿಗೆ ಹೋಗಿ ಕಂಪ್ಲೇಂಟ್ ಮಾಡಿದೆ. ಅವರು ಪೇಪರ್‌ವೇಟ್ ತಿರುಗಿಸುತ್ತಾ, "ಅದು ಹಂಗೇ ಮೇಡಂ. ನಾನೂ ಷೂ ಬಿಚ್ಚೇ ಹೋಗೋದು. ಸಾಕ್ಸ್ ತೂತಾಗಿದ್ದ ದಿನ ಹೋಗೋದೇ ಇಲ್ಲ," ಅಂದರು.

ಈ ರೂಲ್ಸ್ ಎಲ್ಲಿಂದ ಬಂದವು ಅಂತ ನನಗೆ ಹೇಳಿದ್ದು ನನ್ನ ಕ್ಲಾಸಿನ ಹುಡುಗರೇ. ಅರ್ಧ ಕ್ಲಾಸು ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ರೈತರ ಮಕ್ಕಳು. ಮನೆಯಲ್ಲಿ ರೇಷ್ಮೆ ಹುಳ ಮೇಯಿಸುವವರು. ಹುಳದ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಕೈಕಾಲು ತೊಳೆಯದೆ ಹೋಗುವ ಹಾಗಿಲ್ಲ. ಬೀಡಿ, ಹೊಗೆಸೊಪ್ಪು, ಸೆಂಟು, ಒಗ್ಗರಣೆಯ ಘಾಟು ಯಾವುದೂ ಆಗದು. ಗಟ್ಟಿಯಾಗಿ ಮಾತಾಡಬಾರದು. ಹೊರಗಿನವರನ್ನಂತೂ ಬಿಡುವುದೇ ಇಲ್ಲ. ನಮ್ಮ ಲೈಬ್ರರಿ ಮೇಡಂ ಬೈರಾಪಟ್ಟಣದ ಹುಳದ ಮನೆಯಲ್ಲಿ ಬೆಳೆದವಳು. ಅಲ್ಲಿಯ ಕಾನೂನನ್ನು ಹಾಗೇ ತಂದು ಇಲ್ಲಿ ಹೂಡಿದ್ದಳು. ಹುಡುಗರು ಲೈಬ್ರರಿಗೆ ಇಟ್ಟ ಹೆಸರೂ ಹುಳದ ಮನೆ. ಕಾರಿಡಾರಿನಲ್ಲಿ "ಹುಳದ್ ಮನೆಗೆ ಬತ್ತೀಯೇನ್ಲಾ?" "ಇಲ್ಲ ಕಣ್ಲಾ, ಈಗ್ ತಾನೆ ಗುಟ್ಕಾ ಹಾಕಿವ್ನಿ, ಒಳಿಕ್ ಬುಡಕಿಲ್ಲ" ಅನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ.

ಹಾಗಂತ ಆಕೆ ಸಿಡುಕಿಯೇನಲ್ಲ. ರಾಮನಗರದ ಒಬ್ಬ ಹುಡುಗಿ, ಅಪ್ಪ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸದವರು, ಬುರ್ಖಾದ ತೋಳು ಮಡಿಸಿ ಕೈ ತೊಳೆಯುತ್ತಿದ್ದಳು. ಈಕೆ ಕೌಂಟರಿನಿಂದಲೇ ಛೇಡಿಸಿದಳು.

"ಚೆಂದಾಗ್ ತೊಳ್ಕವ್ವ. ನೀವು ಹುಳ ಬೇಯ್ಸೋ ಮನೆಯೋರು, ನಾವು ಸಾಕೋ ಮನೆಯೋರು."

"ನೀವು ಸಾಕಿ ನಮ್ಗೇ ಮಾರ್ತೀರಲ್ಲ ಮೇಡಂ!" ಅಂದಳು ಹುಡುಗಿ. "ಬೆಲೆ ಒಸಿ ಕಮ್ಮಿ ಆದ್ರೆ ಮಾರ್ಕೆಟ್‌ನಲ್ಲಿ ನಮ್ಮ ಅಬ್ಬಾಗೇ ಬೈತೀರ."

ಲೈಬ್ರರಿಯೊಳಗೆ ಆಕೆ ನಕ್ಕಿದ್ದನ್ನು ನಾನು ಕೇಳಿದ್ದು ಆ ಒಂದು ಸಲ. ನಕ್ಕು ತಕ್ಷಣ ಬಾಯಿಗೆ ಸೆರಗು ಒತ್ತಿಕೊಂಡಳು, ಒಳಗೆ ಯಾರೋ ಮಲಗಿದ್ದಾರೆ ಅನ್ನುವ ಹಾಗೆ.

ಆಕೆಗೆ ಕ್ರಿಕೆಟ್ ಹುಚ್ಚಿತ್ತು ಅಂದರೆ ಈಗಲೂ ಯಾರೂ ನಂಬುವುದಿಲ್ಲ. ಡ್ರಾಯರಿನಲ್ಲಿ ಅಂಗೈಯಷ್ಟು ರೇಡಿಯೋ. ಅದರ ವೈರು ಸೆರಗಿನೊಳಗಿಂದ ಹಾದು ಒಂದು ಕಿವಿಗೆ. ಮ್ಯಾಚ್ ಇದ್ದ ದಿನ ಹುಡುಗರು ಪುಸ್ತಕ ಬೇಡದಿದ್ದರೂ ಕೌಂಟರಿಗೆ ಬಂದು ಆಕೆಯ ಮುಖ ನೋಡಿ ಹೋಗುತ್ತಿದ್ದರು. ನಮ್ಮವರ ವಿಕೆಟ್ ಬಿದ್ದರೆ ಡೇಟ್ ಸೀಲನ್ನು ಟೇಬಲ್ ಅದುರುವ ಹಾಗೆ ಒತ್ತುತ್ತಿದ್ದಳು. "ಎಷ್ಟಾಯ್ತು ಮೇಡಂ?" ಅಂತ ಯಾರಾದರೂ ಪಿಸುಗುಟ್ಟಿದರೆ "ಯಾವ್ ಪುಸ್ತಕ ಬೇಕಪ್ಪ?" ಅನ್ನುತ್ತಲೇ ಸ್ಲಿಪ್ಪಿನ ಮೂಲೆಯಲ್ಲಿ ಸ್ಕೋರ್ ಬರೆದು ಕೊಡುವಳು. ಟಿವಿಯಲ್ಲಿ ಮಾತ್ರ ನೋಡುತ್ತಿರಲಿಲ್ಲ. ನಮ್ಮ ಮನೆಗೆ ಕರೆದು ಕೂರಿಸಿದರೆ ಕಣ್ಣು ಮುಚ್ಚಿಕೊಂಡಳು. "ನೋಡುದ್ರೆ ಆಟ ಕೆಡ್ತದೆ ಮೇಡಂ."

ಆಕೆಯ ಇಂಗ್ಲಿಷ್ ಎಲ್ಲ ಕಾಮೆಂಟರಿಯಿಂದ ಬಂದದ್ದು. ಹೊಸ ಪ್ರಿನ್ಸಿಪಾಲರು ಹೇಗೆ ಅಂತ ಕೇಳಿದರೆ, "ಗುಡ್ ಲೈನ್ ಅಂಡ್ ಲೆಂತ್ ಮೇಡಂ. ಪಿಚ್ ಸರಿಯಿಲ್ಲ ಪಾಪ." ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಆ ಪ್ರಿನ್ಸಿಪಾಲರನ್ನು ಅದಕ್ಕಿಂತ ಸರಿಯಾಗಿ ಹೇಳಲು ನನಗೆ ಆಗುತ್ತಿರಲಿಲ್ಲ.

ಇನ್ನೊಂದು ವಿಚಿತ್ರ ಇತ್ತು. ಪ್ರತಿ ವರ್ಷ ಸ್ಟಾಕ್ ತೆಗೆಯುವಾಗ ಹರಿದು ಹೋದ ಪುಸ್ತಕಗಳನ್ನು ಬೇರೆ ಇಡುತ್ತಾರಲ್ಲ, ಅದರಲ್ಲಿ ಮಧ್ಯ ಹರಿದದ್ದು, ಮೊದಲು ಹರಿದದ್ದನ್ನು ಮೈದಾ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಕಲಸಿ ತಾನೇ ಕೂತು ರಿಪೇರಿ ಮಾಡುವಳು. ಕೊನೆಯ ಪುಟಗಳಿಲ್ಲದ ಕಾದಂಬರಿಗಳನ್ನು ಮಾತ್ರ ಕೇಳಿಕೊಂಡು ಮನೆಗೆ ಒಯ್ಯುವಳು. ಐಜೂರಿನ ಕಡೆ ಆಕೆಯದೊಂದು ಬಾಡಿಗೆ ಮನೆ, ಒಂದು ಕೋಣೆ ಒಂದು ಅಡುಗೆಮನೆ. ಬೇಸಿಗೆಯಲ್ಲಿ ಸುತ್ತಲಿನ ಬಂಡೆಯೆಲ್ಲ ಕಾದು ಸಂಜೆಯಾದರೂ ಗೋಡೆ ಬಿಸಿ ಇರುತ್ತಿತ್ತು. ಆ ಗೋಡೆಯ ಉದ್ದಕ್ಕೂ ಮುಗಿಯದ ಕಥೆಗಳ ಸಾಲು. ನಾನೊಮ್ಮೆ ಉಪಕಾರ ಮಾಡುವವಳ ಹಾಗೆ ಅದರಲ್ಲೊಂದರ ಹೊಸ ಪ್ರತಿಯನ್ನು ಬೆಂಗಳೂರಿನಿಂದ ಹುಡುಕಿ ತಂದುಕೊಟ್ಟೆ. ಥ್ಯಾಂಕ್ಸ್ ಅಂದಳು. ಮಾರನೇ ದಿನ ನೋಡಿದರೆ ಅದು ಲೈಬ್ರರಿ ರ‍್ಯಾಕಿನಲ್ಲಿತ್ತು.

"ಯಾಕಮ್ಮಾ, ಓದಲಿಲ್ವಾ?"

"ಅದ್ರಲ್ಲಿ ಎಲ್ಲಾ ಮುಗ್ದೋಗೈತಲ್ಲ ಮೇಡಂ," ಅಂದಳು, ದೂರುವ ದನಿಯಲ್ಲಿ.

ಆಕೆ ಲೈಬ್ರರಿಗೆ ಬಂದದ್ದು ಹೇಗೆ ಅನ್ನುವುದನ್ನು ನನಗೆ ಹೇಳಿದ್ದು ಒಂದು ದಸರಾ ರಜೆಯಲ್ಲಿ. ಕಾಲೇಜು ಖಾಲಿ. ನಾನು ಮನೆಯಲ್ಲಿ ಬೋರಾಗಿ ಆಕೆಯ ಜೊತೆ ಪುಸ್ತಕಗಳ ಧೂಳು ಹೊಡೆಯಲು ಹೋಗಿದ್ದೆ. ಇಬ್ಬರೂ ಮೂಗಿಗೆ ಕರ್ಚೀಫ್ ಕಟ್ಟಿಕೊಂಡಿದ್ದೆವು. ಅರ್ಧ ಮುಖ ಮುಚ್ಚಿದ್ದಕ್ಕೇ ಹೇಳಿದಳೋ ಏನೋ.

ಹುಳ ಮೇಯಿಸುವ ಬಿದಿರಿನ ತಟ್ಟೆಗಳ ತಳಕ್ಕೆ ಹಳೇ ಪೇಪರ್ ಹಾಸುತ್ತಾರೆ. ಅದರ ಮೇಲೆ ಹುಳ, ಹುಳದ ಮೇಲೆ ಹಿಪ್ಪುನೇರಳೆ ಸೊಪ್ಪು. ಹಿಕ್ಕೆ ತುಂಬಿದಾಗ ಹುಳವನ್ನು ಎತ್ತಿ, ಪೇಪರ್ ಬದಲಿಸಬೇಕು. ಆ ಮನೆಯಲ್ಲಿ ಅದು ಈಕೆಯ ಕೆಲಸ. ಶಾಲೆಯ ಪುಸ್ತಕ ಬಿಟ್ಟರೆ ಓದುವುದಕ್ಕೆ ಆ ಮನೆಯಲ್ಲಿದ್ದದ್ದು ಆ ಪೇಪರ್ ಮಾತ್ರ. ಹಾಸುವ ಮೊದಲು ಒಂದು ಸಲ ಓದುವಳು. ಹಾಸಿದ ಮೇಲೆ ಸೊಪ್ಪಿನ ಸಂದಿಯಲ್ಲಿ ಕಂಡಷ್ಟು ಓದುವಳು. ಹುಳ ಸೊಪ್ಪು ತಿಂದು ಮುಗಿಸಿದಂತೆಲ್ಲ ಇನ್ನೊಂದು ಸಾಲು ಕಾಣಿಸುತ್ತಿತ್ತಂತೆ. ವಾರಪತ್ರಿಕೆಯ ಹಾಳೆ ಸಿಕ್ಕರೆ ಹಬ್ಬ. ಅದರಲ್ಲಿ ಧಾರಾವಾಹಿ ಇರುತ್ತಿತ್ತು, ಮುಂದಿನ ವಾರದ್ದು ಸಿಗುತ್ತಿರಲಿಲ್ಲ.

"ನಿಮ್ಗೆ ಗೊತ್ತಾಗಲ್ಲ ಬುಡಿ ಮೇಡಂ. ನಿಮ್ ಮನೇಲಿ ಪೂರ್ತಿ ಪುಸ್ತಕ ಇದ್ವು," ಅಂದಳು.

ಒಂದು ಸಲ ಚನ್ನಪಟ್ಟಣದ ಸಂತೆಗೆ ಹೋದಾಗ ಹೊಗೆಸೊಪ್ಪಿನ ಅಂಗಡಿಯಲ್ಲಿ ವಾರಪತ್ರಿಕೆಗಳ ದೊಡ್ಡ ಕಟ್ಟು ಕಂಡಳು. ಒಂದರ ಹಿಂದೊಂದು ವಾರ, ಸಾಲಾಗಿ. ಅಂಗಡಿಯವನು ಅದರಲ್ಲಿ ಹೊಗೆಸೊಪ್ಪು ಸುತ್ತಿ ಇಟ್ಟಿದ್ದ, ಹಳತಾಯಿತು ಅಂತ ಬಿಸಾಡುವುದರಲ್ಲಿದ್ದ. ಹೊಗೆಸೊಪ್ಪು ಹುಳಕ್ಕೆ ವಿಷ ಅನ್ನುವುದು ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆಕೆಯ ಅಪ್ಪ ಬೀಡಿ ಸೇದಿದರೆ ಸ್ನಾನ ಮಾಡದೆ ಹುಳದ ಮನೆಗೆ ಕಾಲಿಡುತ್ತಿರಲಿಲ್ಲ. ಈಕೆಗೂ ಗೊತ್ತಿತ್ತು. ಆದರೆ ಆ ಕಟ್ಟನ್ನು ಬಿಟ್ಟು ಬರುವುದಕ್ಕೆ ಆಗಲಿಲ್ಲ. ತಂದು ಹಿತ್ತಲ ಹುಲ್ಲಿನ ಮೆದೆಯ ಮೇಲೆ ಒಂದೊಂದು ಹಾಳೆಯನ್ನೂ ಬಿಸಿಲಿಗೆ ಹರವಿದಳು. ದಿನಗಟ್ಟಲೆ ಒಣಗಿಸಿದಳು. ಒಣಗಿಸುತ್ತಾ ಓದಿದಳು. ಓದಿ ಮುಗಿಯಲಿಲ್ಲ. ಅಷ್ಟರಲ್ಲಿ ಅಪ್ಪ ಪೇಪರ್ ಎಲ್ಲಿ ಅಂತ ಕೂಗಿದ. ಅದನ್ನೇ ಹಾಸಿದಳು.

"ವಾಸ್ನೆ ಹೋಗಿತ್ತು ಮೇಡಂ. ಮೂಗಿಗೆ ಹಿಡ್ಕಂಡು ನೋಡಿದ್ದೆ."

ಗೂಡು ಕಟ್ಟುವುದಕ್ಕೆ ಇನ್ನೇನು ಸ್ವಲ್ಪ ದಿನ ಇತ್ತು. ಹುಳವೆಲ್ಲ ಸತ್ತವು. ಅಪ್ಪ ತಟ್ಟೆಯ ಪೇಪರನ್ನು ಎತ್ತಿ ಮೂಸಿದ. ಸೊಪ್ಪು ಹೊತ್ತು ತೋಟದಿಂದ ಬಂದ ಈಕೆಯನ್ನು ರಟ್ಟೆ ಹಿಡಿದು ಹೊಸಿಲಾಚೆಯೇ ನಿಲ್ಲಿಸಿ ಬಾಗಿಲು ಹಾಕಿದ. "ನಿನ್ ಕಾಲು ಇನ್ನು ಹುಳದ್ ಮನೇಲಿ ಬೀಳ್ಕೂಡ್ದು," ಅಂದ. ಹೊಡೆಯಲಿಲ್ಲ, ಮತ್ತೇನೂ ಅನ್ನಲಿಲ್ಲ. ಆ ಮನೆಯಲ್ಲಿ ವರ್ಷವಿಡೀ ಒಂದು ಬೆಳೆ ಆದ ಮೇಲೆ ಇನ್ನೊಂದು ಬೆಳೆ. ಮನೆ ಅಂದರೇ ಹುಳದ ಮನೆ, ನಡುಮನೆಯಲ್ಲೇ ತಟ್ಟೆಗಳ ಸಾಲು. ಅಲ್ಲಿ ಕಾಲಿಡಬಾರದು ಅಂದರೆ ಇರುವುದೆಲ್ಲಿ? ರಾಮನಗರದಲ್ಲಿದ್ದ ಚಿಕ್ಕವ್ವ ಒಂದು ಬೆಳೆ ಮುಗಿಯುವ ತನಕ ಇರಲಿ ಅಂತ ಕರೆದುಕೊಂಡು ಬಂದಳು. ಚಿಕ್ಕವ್ವನ ಪಕ್ಕದ ಮನೆಯವರೇ ನಮ್ಮ ಕಾಲೇಜಿನ ಆಗಿನ ಲೈಬ್ರರಿಯನ್. ಮಂಡಿನೋವಿನ ಮನುಷ್ಯ, ಏಣಿ ಹತ್ತುವುದಕ್ಕೆ ಯಾರಾದರೂ ಬೇಕಿತ್ತು.

"ಪುಸ್ತಕ ಜೋಡಿಸ್ತೀಯೇನಮ್ಮ?" ಅಂತ ಕೇಳಿದರಂತೆ.

"ಅಲ್ಲಿ ಏನೂ ಸಾಯಾಕಿಲ್ಲ ಅಲ್ವಾ ಸಾರ್?" ಅಂದಳಂತೆ ಈಕೆ.

"ಪುಸ್ತಕಕ್ಕೂ ಹುಳ ಬೀಳುತ್ತೆ ಕಣಮ್ಮ."

"ಆ ಹುಳ ಸತ್ರೆ ಪರವಾಗಿಲ್ಲ ಸಾರ್."

ಹೀಗೆ ಏಣಿ ಹತ್ತಿದವಳು ಇಳಿಯಲಿಲ್ಲ. ಬೆಳಿಗ್ಗೆ ಅದೇ ಕಾಲೇಜಿನಲ್ಲಿ ಓದಿದಳು, ಮಧ್ಯಾಹ್ನ ಪುಸ್ತಕ ಜೋಡಿಸಿದಳು. ಆಮೇಲೆ ಲೈಬ್ರರಿ ಕೋರ್ಸನ್ನು ಅಂಚೆಯ ಮೂಲಕ ಮಾಡಿದಳು. ಮಂಡಿನೋವಿನವರು ರಿಟೈರ್ ಆದಾಗ ಕೀ ಈಕೆಯ ಕೈಗೆ ಬಂತು. ಚಿಕ್ಕವ್ವ ಮದುವೆಯ ಮಾತು ಎತ್ತಿದ್ದುಂಟು. "ಯಾವ ಮನೇಲಿ ಹುಳ ಇಲ್ಲ ಹೇಳು, ಅಲ್ಲಿಗೆ ಹೋಯ್ತೀನಿ," ಅಂತ ಈಕೆ. ನಮ್ಮ ಕಡೆ ಹಾಗೆ ಹುಡುಕಿದರೆ ಗಂಡು ಸಿಗುವುದು ಕಷ್ಟ.

ಅಪ್ಪ ಸತ್ತ ಮೇಲೂ ಆ ಮಾತು ಸಾಯಲಿಲ್ಲ. ಅವ್ವ ಅದನ್ನು ಹಿಡಿದುಕೊಂಡಳು. ಈಕೆಯ ಕೈ ಹುಳಕ್ಕೆ ಆಗಿಬರುವುದಿಲ್ಲ ಅಂತ ಅದು ಸುಮ್ಮನೆ ಗಟ್ಟಿಯಾಯಿತು. ಯುಗಾದಿಗೆ, ಗೌರಿ ಹಬ್ಬಕ್ಕೆ ಈಕೆ ಊರಿಗೆ ಫೋನ್ ಮಾಡಿದರೆ ಆ ಕಡೆಯಿಂದ, "ಮನೇಲಿ ಹುಳ ಅವೆ ಕಣವ್ವ," ಅನ್ನುವರು. ಅಂದರೆ ಬರಬೇಡ ಅಂತ. ಈಕೆ "ಸರಿ ಬುಡಿ, ಹುಳ ಚೆಂದಾಗವಾ?" ಅಂತ ಕೇಳಿ ಫೋನ್ ಇಡುವಳು. ಆಮೇಲೆ ನಮ್ಮ ಮನೆಗೆ ಒಬ್ಬಟ್ಟು ತಿನ್ನಲು ಬರುವಳು. ಒಂದು ಸಲವೂ ಊರಿನ ಬಗ್ಗೆ ಕೆಟ್ಟದಾಗಿ ಮಾತಾಡಿದ್ದು ಕೇಳಿಲ್ಲ. ನಾನೇ ಸಿಟ್ಟಿಗೆದ್ದು "ವಾಟ್ ನಾನ್ಸೆನ್ಸ್, ಇಷ್ಟು ವರ್ಷ ಆದ ಮೇಲೂ!" ಅಂದರೆ, "ನಿಮ್ಗೇ ಯಾಕ್ ಮೇಡಂ ಅಷ್ಟು ಬಿಪಿ?" ಅನ್ನುವಳು.

ಕಾಲೇಜಿನಲ್ಲಿ ರೇಷ್ಮೆ ವಿಷಯದ ಕೋರ್ಸ್ ಶುರುವಾದಾಗ ಅದರ ಪುಸ್ತಕಗಳು ರಾಶಿ ರಾಶಿ ಬಂದವು. ಎಲ್ಲಕ್ಕೂ ನಂಬರ್ ಹಾಕಿದಳು, ಒಂದನ್ನೂ ತೆರೆದು ನೋಡಲಿಲ್ಲ. ಆ ಕೋರ್ಸಿನ ಲೆಕ್ಚರರ್ ಚಿಕ್ಕ ಹುಡುಗ, ಉತ್ಸಾಹಿ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವಾಗ ಯಾರೋ ಈಕೆಯ ಹಳೆಯ ಕಥೆ ಎತ್ತಿದರು. ಅವನು ಬಿಸ್ಕತ್ ಕೆಳಗಿಟ್ಟು ಕೇಳಿದ, "ಮೇಡಂ, ಅವು ತಲೆ ಮೇಲಕ್ಕೆತ್ತಿ, ಹಸಿರು ಕಕ್ಕಿ ಸತ್ತವಾ? ಅಥವಾ ಮೈ ಊದಿಕೊಂಡು, ಹಾಲಿನಂಥ ನೀರು ಸುರಿಸಿ ಸತ್ತವಾ? ತಲೆ ಎತ್ತಿದ್ರೆ ಹೊಗೆಸೊಪ್ಪು. ಹಾಲು ಸುರಿದಿದ್ರೆ ಅದು ಹಾಲುತೊಂಡೆ ರೋಗ. ಆಗ ನಿಮ್ಮ ಪೇಪರ್‌ಗೂ ಅದಕ್ಕೂ ಸಂಬಂಧವೇ ಇಲ್ಲ."

"ನಾನ್ ನೋಡ್ನಿಲ್ಲ ಸಾರ್," ಅಂದಳು. "ನನ್ನ ಒಳಿಕ್ ಬುಡ್ನಿಲ್ಲವಲ್ಲ."

"ಮನೆಯವರನ್ನ ಕೇಳಿ ಮೇಡಂ. ಅವರಿಗೆ ನೆನಪಿರುತ್ತೆ."

ಆಕೆ ಟೀ ಲೋಟ ತೊಳೆಯುವುದಕ್ಕೆ ಎದ್ದು ಹೋದಳು. ಕೇಳುವುದಕ್ಕೆ ಭಯ ಅಂತ ನಾನು ಅಂದುಕೊಂಡೆ. ಹೌದು ಅದು ಹೊಗೆಸೊಪ್ಪೇ ಅಂತ ಯಾರಾದರೂ ಖಾತ್ರಿ ಮಾಡಿಬಿಟ್ಟರೆ, ಅನ್ನುವ ಭಯ. ಎಷ್ಟೋ ವರ್ಷ ಹಾಗೇ ತಿಳಿದುಕೊಂಡಿದ್ದೆ.

ರಿಟೈರ್ ಆದ ಮೇಲೆ ಕಾಯಿಲೆ ಬಂತು. ಯಾವ ಕಾಯಿಲೆ ಅಂತ ಬರೆಯುವುದಿಲ್ಲ, ಈಗ ಎಲ್ಲರ ಮನೆಯಲ್ಲೂ ಕೇಳುತ್ತೀರಲ್ಲ, ಅದೇ. ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬಂದು ಮಾಡುತ್ತಿದ್ದಳು, ಜೊತೆಗೆ ನಾನು. ಕೂದಲು ಹೋಯಿತು. ಕೈಯಲ್ಲಿ ನರ ಸಿಗದೆ ಅಲ್ಲಲ್ಲಿ ಚುಚ್ಚಿ ಊದಿಕೊಂಡು, ಅದಕ್ಕೆ ಮುಲಾಮು. ಆ ಹೊತ್ತಿಗೆ ಅವ್ವನೂ ಹೋಗಿ ಸ್ವಲ್ಪ ಕಾಲ ಆಗಿತ್ತು. ಆ ಮಣ್ಣಿಗೆ ಈಕೆ ಹೋಗಿದ್ದಳು, ಮನೆಗೆ ಕಾಲಿಡದೆ ತೋಟದ ಹತ್ತಿರವೇ ನಿಂತು ಬಂದಿದ್ದಳು.

ಒಂದು ದಿನ ತಮ್ಮನ ಫೋನ್ ಬಂತು. ಕೈ ಊದಿಕೊಂಡಿದ್ದಕ್ಕೆ ಸ್ಪೀಕರ್ ಹಾಕಿಟ್ಟುಕೊಂಡಿದ್ದಳು, ನನಗೂ ಕೇಳಿಸಿತು.

"ಅಕ್ಕ, ಊರ್ಗೆ ಬಂದ್ಹೋಗು."

"ಹುಳ ಇಲ್ವೇನಪ್ಪ?"

"ಅವೆ. ಇದ್ರೂ ಬಾ."

ಫೋನ್ ಇಟ್ಟಳು. "ಹುಳ ಇದ್ರೂ ಬಾ ಅಂತಾವ್ನೆ ಮೇಡಂ," ಅಂದಳು. ಗಂಜಿ ಕುಡಿಯುವಾಗ ಮತ್ತೆ ಅದನ್ನೇ ಅಂದಳು.

"ಒಳಗೆ ಬಿಡ್ತಾನಂತಾ?"

"ಯಾರ್ಗೊತ್ತು. ನೋಡನ."

ಬಾಡಿಗೆ ಕಾರಿನಲ್ಲಿ ಹೊರಟೆವು. ಹೊಸ ಹೈವೇ ಬೇಡ, ಹಳೇ ರೋಡಲ್ಲೇ ಹೋಗಪ್ಪ ಅಂದಳು ಡ್ರೈವರಿಗೆ. ಕೆಂಗಲ್ ಹತ್ತಿರ ಕಾರಿನಲ್ಲಿ ಕೂತೇ ಆಂಜನೇಯನಿಗೆ ಕೈ ಮುಗಿದಳು. ತಲೆಗೆ ಸುತ್ತಿದ್ದ ಸ್ಕಾರ್ಫನ್ನು ಚನ್ನಪಟ್ಟಣ ದಾಟುವಾಗ ಬಿಚ್ಚಿ, ಸೆರಗನ್ನು ಹೊದ್ದುಕೊಂಡಳು. ಒಳಗೆ ಬಿಡದಿದ್ದರೆ ನಾನು ಅವನಿಗೆ ಏನೇನು ಹೇಳಬೇಕು ಅಂತ ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಸೆಂಟೆನ್ಸ್ ಕಟ್ಟಿಕೊಳ್ಳುತ್ತಿದ್ದೆ.

ಹುಳ ಈಗ ನಡುಮನೆಯಲ್ಲಿರಲಿಲ್ಲ. ಮನೆಯ ಪಕ್ಕದಲ್ಲೇ ಉದ್ದನೆಯ ಕಟ್ಟಡ, ಕಿಟಕಿಗೆಲ್ಲ ಬಲೆ. ಬಾಗಿಲಾಚೆ ಚಪ್ಪಲಿಗಳು, ಬಕೆಟ್ಟು, ಮಗ್ಗು, ಹೊಸಿಲಿಗೆ ಸುಣ್ಣದ ಪುಡಿ. ನೋಡಿದ ತಕ್ಷಣ ನನ್ನ ಕೈ ತಾನಾಗಿ ಚಪ್ಪಲಿಯ ಬಕಲ್ಲಿಗೆ ಹೋಯಿತು. ತಮ್ಮ ಕಟ್ಟಡದ ಜಗಲಿಯ ಮೇಲೆ ಚಾಪೆ ಹಾಸಿದ. ಆತನೂ ನೆರೆತ ತಲೆಯ ಮನುಷ್ಯ. ಒಳಗಿನಿಂದ ಹುಳ ಸೊಪ್ಪು ತಿನ್ನುವ ಸದ್ದು ಬರುತ್ತಿತ್ತು. ಜಿಟಿ ಮಳೆ ಹಿಡಿದಿದೆ ಅಂದುಕೊಂಡು ನಾನು ಆಕಾಶ ನೋಡಿದೆ.

"ಯಾವ ಜ್ವರ?" ಅಂತ ಕೇಳಿದಳು. ಹುಳ ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ.

"ನಾಕ್ನೇ ಜ್ವರ ಎದ್ದವೆ. ಇನ್ನೇನು ಹಣ್ಣಾಯ್ತವೆ, ಗೂಡು ಕಟ್ತವೆ."

ತಮ್ಮನ ಹೆಂಡತಿ ಕಾಫಿ ತಂದಳು. "ಅಕ್ಕ, ಸಕ್ರೆ ಹಾಕಿವ್ನಿ, ಆಯ್ತದಾ? ಡಾಕ್ಟ್ರು ಬ್ಯಾಡ ಅಂದವ್ರಾ?"

"ಈಗ ಅವರು ಏನೂ ಬ್ಯಾಡ ಅನ್ನಲ್ಲ ಕಣವ್ವ," ಅಂದಳು ಈಕೆ. ಅದು ಏನು ಅಂತ ಎಲ್ಲರಿಗೂ ಅರ್ಥವಾಯಿತು. ತಮ್ಮನ ಹೆಂಡತಿ ಮನೆಯೊಳಗೆ ಹೊರಟು ಹೋದಳು.

ತಮ್ಮ ಟವಲಿನ ತುದಿ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದ. ಕೊನೆಗೆ ಹೇಳಿದ.

"ಅವತ್ತಿನ್ ಇಸ್ಯ ಒಂದ್ ಹೇಳ್ಬೇಕಿತ್ತು ಅಕ್ಕ. ನಿನ್ನ ಕಳ್ಸುದ್ ಮೇಲೆ ಪಕ್ಕದ್ ಮನೆಯೋರ ಹುಳನೂ ಹೋದ್ವು. ಅದೇ ವಾರ. ಅವ್ರ ಮನೇಲಿ ನಿನ್ ಪೇಪರ್ ಇರ್ನಿಲ್ಲ. ಊರ್ಗೇ ಹಾಲುತೊಂಡೆ ಬಂದಿತ್ತು. ಅಪ್ಪನ್ಗೂ ಗೊತ್ತಿತ್ತು. ಆಡ್ಬುಟ್ಟಿದ್ದ ಮಾತು, ಹಿಂದಕ್ಕೆ ತಕ್ಕಳಕ್ಕೆ ಆಗ್ನಿಲ್ಲ ಅವನ್ಗೆ. ಅವ್ವನ್ಗೂ ಅಷ್ಟೇ. ಇಷ್ಟ್ ವರ್ಸ ನಾವು..."

"ಗೊತ್ತು ಕಣಪ್ಪ," ಅಂದಳು.

"ಗೊತ್ತಾ?"

"ಆ ವರ್ಸನೇ ಗೊತ್ತಾಯ್ತು. ಚಿಕ್ಕವ್ವ ಹೇಳುದ್ಲು."

ತಮ್ಮ ನನ್ನ ಮುಖ ನೋಡಿದ. ನನಗೆ ಮಾತ್ರ ಏನು ಗೊತ್ತಿತ್ತು! ನಾನು ಕಾಫಿಯ ಮೇಲೆ ಕೆನೆ ಕಟ್ಟುತ್ತಿರುವುದನ್ನು ನೋಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಬಿಸ್ಕತ್ ಕೆಳಗಿಟ್ಟ ಆ ಹುಡುಗ, ಪ್ರತಿ ಗೌರಿ ಹಬ್ಬದ ಫೋನು, ನಮ್ಮ ಮನೆಯ ಒಬ್ಬಟ್ಟು, ಎಲ್ಲ ಸಾಲಾಗಿ ಬಂದು ನಿಂತವು. ಏನೂ ಅನ್ನಿಸಲಿಲ್ಲ. ಆ ಜೋಮು ಹಿಡಿಯಲು ಶುರುವಾದದ್ದು ಅಲ್ಲಿಯೇ ಇರಬೇಕು.

"ಮತ್ಯಾಕ್ ಬರ್ನಿಲ್ಲ ಅಕ್ಕ? ಬಂದು, ತಪ್ಪು ನಂದಲ್ಲ ಅಂದಿದ್ರೆ ಆಗಿರದು."

"ಅಂದಿದ್ರೆ ಕರ್ಕತಿದ್ರಿ."

"ಹೂಂ, ಕರ್ಕತಿದ್ವಿ!"

"ಹುಳ ಮೇಯ್ಸಕ್ಕೆ ಕೈ ಬೇಕಾಗಿತ್ತಲ್ಲ. ಆಮೇಲ್ ಮದ್ವೆ ಮಾಡ್ತಿದ್ರಿ. ಅಲ್ಲೂ ಹುಳ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಕೌಂಟರಿನಲ್ಲಿ ಪುಸ್ತಕ ವಾಪಸ್ ಮಾಡುವ ದಿನ ಹೇಳುವ ದನಿ. "ಲೈಬ್ರರಿಗೆ ಮತ್ತೆ ಕಳುಸ್ತಿದ್ರೇನ್ಲಾ?"

ಆತ ಟವಲನ್ನು ಹೆಗಲಿಗೆ ಹಾಕಿಕೊಂಡ. ಒಳಗೆ ಹುಳ ತಿನ್ನುತ್ತಲೇ ಇದ್ದವು.

ಆಮೇಲೆ ಎದ್ದ. ಬಕೆಟ್ಟಿನ ಹತ್ತಿರ ಹೋಗಿ ಕೈ ತೊಳೆದ, ಕಾಲು ತೊಳೆದ. ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತ. "ಈಗ್ ಬಾ ಅಕ್ಕ. ಒಳಿಕ್ ಬಾ."

ನಾನು ರಟ್ಟೆಗೆ ಕೈ ಕೊಡಲು ಹೋದೆ, ಬೇಡ ಅಂದಳು. ತಾನೇ ಎದ್ದಳು. ಚಪ್ಪಲಿ ಬಿಟ್ಟಳು. ಬಕೆಟ್ಟಿನ ಮುಂದೆ ಬಗ್ಗಿ ಸೋಪು ಹಚ್ಚಿ ಮೊಣಕೈ ತನಕ ತೊಳೆದಳು, ನಿಧಾನವಾಗಿ, ಸೂಜಿ ಚುಚ್ಚಿದ ಕಡೆಯೂ ಬಿಡದೆ. ಹೊಸಿಲ ತನಕ ಹೋದಳು. ಅಲ್ಲಿ ನಿಂತು ಕೈಯನ್ನು ಮೂಗಿನ ಹತ್ತಿರ ಹಿಡಿದಳು. ಮತ್ತೆ ಬಂದು ಮತ್ತೆ ತೊಳೆದಳು. ಮತ್ತೆ ಮೂಸಿದಳು.

"ಹೋಗ್ತಾ ಇಲ್ಲ ಕಣಪ್ಪ," ಅಂದಳು.

"ಏನು?"

"ಆಸ್ಪತ್ರೆ ಔಸ್ದಿ. ಮೈಯಲ್ಲೇ ಐತೆ ವಾಸ್ನೆ."

"ಏನೂ ಆಗಲ್ಲ ಬಾ. ಹೋದ್ರೆ ಹೋಯ್ತವೆ ಒಂದ್ ಬೆಳೆ. ಒಂದ್ ಗಳಿಗೆ ನೋಡ್ಕಂಡ್ ಬಂದ್ಬುಡು."

ಆಕೆ ಹೊಸಿಲ ಈಚೆ ನಿಂತೇ ಕತ್ತು ಚಾಚಿದಳು. ಮೊದಲ ಸಾಲಿನ ತಟ್ಟೆಗಳು ಅಲ್ಲಿಂದ ಕಾಣುತ್ತಿದ್ದವು. ಎಷ್ಟು ಹೊತ್ತು ನೋಡಿದಳೋ ಗೊತ್ತಿಲ್ಲ, ನಾನು ಆಕೆಯ ಬೆನ್ನನ್ನು ನೋಡುತ್ತಿದ್ದೆ.

"ಚೆಂದಾಗವೆ," ಅಂದಳು. "ಬಾಗ್ಲು ಹಾಕು. ಗಾಳಿ ಆಡ್ತೈತೆ."

ತಮ್ಮ ಬಾಗಿಲು ಹಿಡಿದು ನಿಂತಿದ್ದ. ಹಾಕಲಿಲ್ಲ.

"ಹಾಕ್ಲಾ," ಅಂದಳು ಅಕ್ಕ. "ಹುಳ ಅವೆ."

ಆತ ಹಾಕಿದ.